ಕ್ಷಣಜೀವಿ ಬೀಜಗಳ ಅಳತೆ

ಪರಮಾಣುವಿನ ನಡುವೆ ಅತ್ಯಲ್ಪ ಸ್ಥಳದಲ್ಲಿ ಅಡಗಿರುವ ಬೀಜವು ಪ್ರೋಟಾನು, ನ್ಯೂಟ್ರಾನುಗಳೆಂಬ ಕಣಗಳ ಗುಂಪೆಂಬುದು ಶ್ರೋತೃಗಳಿಗೆ ತಿಳಿದ ಸಂಗತಿ. ನಮ್ಮ ಸುತ್ತಲಿನ ವಸ್ತುಗಳ ಬೀಜಗಳು ಬಹುಮಟ್ಟಿಗೆ ಸ್ಥಿರವಾದುವು. ಕಣಗಳ ಸಂಖ್ಯೆ ಹೆಚ್ಚಿದರೂ ಅವುಗಳ ಸಾಂದ್ರತೆ ಹೆಚ್ಚಾಗಿ ಬದಲಾಗದು. ಚೀಲಕ್ಕೆ ಕಾಳು ತುಂಬಿದಂತೆ ಗಾತ್ರವೊಂದೇ ಬೆಳೆಯುವುದು. ನ್ಯೂಟ್ರಾನುಗಳು ಮಿತಿಮೀರಿ, ಹುಟ್ಟಿದೊಡನೆಯೇ ಅಳಿಯುವ ಬೀಜಗಳೂ ಈ ನಿಯಮಕ್ಕೆ ಒಳಪಟ್ಟಿವೆಯೇ?

ಲಿಥಿಯಂ ಧಾತುವನ್ನೇ ನೋಡೋಣ. ನಿಸರ್ಗದಲ್ಲಿ ದೊರೆಯುವ ಅದರ ಬೀಜದಲ್ಲಿ ಮೂರು ಪ್ರೋಟಾನುಗಳೊಡನೆ ಮೂರೋ ನಾಲ್ಕೋ ನ್ಯೂಟ್ರಾನುಗಳಿರುತ್ತವೆ. ಲಿಥಿಯಂ-11ರಲ್ಲಾದರೋ ನ್ಯೂಟ್ರಾನುಗಳು ಎಂಟು. ಇದರ ಅರ್ಧಾಯುವು ಸೆಕೆಂಡಿನ ಸಾವಿರದಲ್ಲೊಂಬತ್ತು ಪಾಲಿಗೂ ಕಡಮೆ. ಇಂಥದನ್ನು ಅಳೆಯುವುದೆಂತು?

ಹಿಡಿದು ಅಳೆಯಬೇಕಾಗಿಲ್ಲ, ಓಡಿಸಿ ಅಳೆಯಬಹುದು. ಜಪಾನಿನ ಇಸಾವೊ ತಾನಿಹಾತ ಮತ್ತು ಅವರ ಸಂಗಡಿಗರು ಅಮೆರಿಕದ ಬರ್ಕ್ಲಿಯಲ್ಲಿ ಮಾಡಿ 1985ರಲ್ಲಿ ಪ್ರಕಟಿಸಿದ ಪ್ರಯೋಗವು ಇದೇ. ಭಾರವಾದ ಬೀಜಗಳನ್ನು ಮಹಾವೇಗದಿಂದ ಬೆರಿಲಿಯಂ ಫಲಕಕ್ಕೆ ಬಡಿಸಿದರೆ ಅವು ಒಡೆದು ಚೂರುಗಳು ಅದೇ ವೇಗದಲ್ಲಿ ಮುಂದೋಡುವುವು. ಅಯಸ್ಕಾಂತಗಳಿಂದ ಅವನ್ನು ಬೇರ್ಪಡಿಸಿ ಲಿಥಿಯಂ-11ನ್ನು ಮಾತ್ರ ಆರಿಸಿಕೊಳ್ಳಬಹುದು. ಬೆಳಕಿನ ವೇಗದ ಐದರಲ್ಲಿ ನಾಲ್ಕು ಪಾಲನ್ನೂ ಮೀರಿದ ಆ ಓಟದಲ್ಲಿ ಅಷ್ಟು ಅಲ್ಪಾಯುವೇ ಎರಡು ಸಾವಿರ ಕಿಲೋಮೀಟರಿನ ದಾರಿಗೆ ಸಾಕು. ಪ್ರಯೋಗಶಾಲೆಯ ಕೆಲವು ಮೀಟರುಗಳು ಯಾವ ಲೆಕ್ಕ! ಹೀಗೆ ಬಂದ ಬೀಜಗಳ ಹಾದಿಯಲ್ಲಿ ಇನ್ನೊಂದು ಫಲಕವನ್ನಿಟ್ಟು, ಒಳಹೊಕ್ಕುವೆಷ್ಟು, ಹಾಗೆಯೇ ಹೊರಬಂದುವೆಷ್ಟು ಎಂದು ಎಣಿಸಿದರು. ಗಾತ್ರ ದೊಡ್ಡದಾದಷ್ಟೂ ಡಿಕ್ಕಿಯ ಸಂಭವ ಹೆಚ್ಚು. ಕಾಣದ ವಸ್ತುವಿನ ಗಾತ್ರವನ್ನು ಕಳೆದುಹೋದವುಗಳ ಲೆಕ್ಕದಿಂದ ತಿಳಿಯುವ ಈ ಉಪಾಯದಲ್ಲಿಯೇ ಪ್ರಯೋಗದ ಸೊಗಸೆಲ್ಲ ಇದೆಯೆಂದು ನಮಗೆ ತೋರುತ್ತದೆ.

ಹಳೆಯ ನಿಯಮದಂತೆ ಲಿಥಿಯಂ-9ಕ್ಕಿಂತ ಲಿಥಿಯಂ-11ರ ತ್ರಿಜ್ಯವು ನೂರಕ್ಕೆ ಏಳರಷ್ಟು ಹೆಚ್ಚಬೇಕು. ಹೆಚ್ಚಿದ್ದು ಸುಮಾರು ಮೂವತ್ತರಷ್ಟು! ಬೀಜವೆಲ್ಲ ಉಬ್ಬಿದೆಯೋ, ಇಲ್ಲವೆ ಹೊರ ಅಂಚು ಮಾತ್ರ ಚಾಚಿಕೊಂಡಿದೆಯೋ ಎಂಬ ಶಂಕೆ ಆಗಲೇ ಎದ್ದಿತು.

1987ರಲ್ಲಿ ಹ್ಯಾನ್ಸೆನ್ ಮತ್ತು ಯೋನ್ಸನ್ ಎಂಬವರು ಎರಡನೆಯ ಪಕ್ಷವನ್ನು ಹಿಡಿದರು. ಸಾಮಾನ್ಯ ಬೀಜದಿಂದ ಒಂದು ನ್ಯೂಟ್ರಾನನ್ನು ಕೀಳಲು ಆರರಿಂದ ಎಂಟು ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಇಲ್ಲಿ ಕೊನೆಯ ಎರಡನ್ನೂ ಒಟ್ಟಿಗೆ ಕೀಳಲು ಅರ್ಧ ದಶಲಕ್ಷವೂ ಬೇಡ. ಅಷ್ಟು ಸಡಿಲವಾಗಿ ನಿಂತ ಆ ಜೋಡಿಯು ಲಿಥಿಯಂ-9ರ ತಿರುಳಿನಿಂದ ದೂರದವರೆಗೂ ಹರಡಿ, ಚಂದ್ರನ ಸುತ್ತಣ ಪರಿವೇಷದಂತಿದೆಯೆಂಬುದು ಅವರ ಮತ. ಇದರಲ್ಲಿ ಒಂದು ವಿಚಿತ್ರವುಂಟು: ಜೋಡಿಯಲ್ಲೊಂದನ್ನು ತೆಗೆದರೆ ಉಳಿಯುವ ಲಿಥಿಯಂ-10 ನಿಲ್ಲಲಾರದು, ಎರಡು ನ್ಯೂಟ್ರಾನುಗಳು ತಾವೇ ಕೂಡಿಯೂ ನಿಲ್ಲಲಾರವು. ಮೂರೂ ಸೇರಿದರೆ ಮಾತ್ರ ಕಟ್ಟು.

ತಿರುಳು ಉಬ್ಬಿಲ್ಲವೆಂಬುದಕ್ಕೆ ನೇರವಾದ ಸಾಕ್ಷ್ಯವು ಲೇಸರು ಬೆಳಕಿನಿಂದ ಬಂದಿತು. 2006ರಲ್ಲಿ ಪ್ರಕಟವಾದ ಕೆನಡಾದ ಟ್ರೈಯಂಫ್ ಪ್ರಯೋಗಶಾಲೆಯ ಅಳತೆಯಲ್ಲಿ, ಪ್ರೋಟಾನುಗಳು ಹರಡಿರುವ ತ್ರಿಜ್ಯವು ಲಿಥಿಯಂ-9ರಲ್ಲಿ 2.2 ಫೆರ್ಮಿಯಾದರೆ ಲಿಥಿಯಂ-11ರಲ್ಲಿ 2.5 ಫೆರ್ಮಿ ಮಾತ್ರ. ಆ ಅಲ್ಪ ಹೆಚ್ಚಳವೂ ಮುಖ್ಯವಾಗಿ, ದೂರದಲ್ಲಿ ಸುಳಿಯುವ ನ್ಯೂಟ್ರಾನುಗಳಿಗೆ ಎದುರಾಗಿ ತಿರುಳು ತಾನೂ ಓಲಾಡುವುದರಿಂದ ಉಂಟಾದುದು.