ಎಮ್ಮೆ ಹೊರಗೆ ಹೋಯಿತು, ಹಕ್ಕಿ ಉಳಿಯಿತೇ?



ಬೆಲೆ, ಸಾಲ, ಜಪ್ತಿಯ ಮಾತಾಡೋ ಜಾಗದಲ್ಲಿ ಇವನ್ಯಾಕಪ್ಪಾ ಹಕ್ಕಿಯ ವಿಷಯ ತಂದ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಹಕ್ಕಿಯ ಹೆಸರಿನಲ್ಲಿ ಎಮ್ಮೆಯ ಮೇವಿಗೆ ಬೇಲಿ ಬಿದ್ದರೆ ಅದು ಹಾಲಿನ ಲೆಕ್ಕ. ಹಾಲಿನ ಲೆಕ್ಕ ತಪ್ಪಿದರೆ ಸಾಲದ ಲೆಕ್ಕ. ಆದ್ದರಿಂದ ಇದು ನಮ್ಮ ವಿಷಯವೇ.

ರಾಜಸ್ಥಾನದ ಭರತಪುರದ ಪಕ್ಕದಲ್ಲಿ ಕೇವಲಾದೇವ್ ಎಂಬ ಜೌಗು ಪ್ರದೇಶವಿದೆ. ಸುಮಾರು 29 ಚದರ ಕಿಲೋಮೀಟರು. ಹಿಂದೆ ಅದು ಅಲ್ಲಿನ ಮಹಾರಾಜರ ಬಾತುಕೋಳಿ ಬೇಟೆಯ ಜಾಗ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಹೊಡೆದು ಉರುಳಿಸಿದರು. ದೊಡ್ಡವರ ಕೋವಿಯ ಜೊತೆಗೇ ಬಡವರ ಎಮ್ಮೆಯೂ ಆ ನೀರಿನಲ್ಲಿತ್ತು. ಸುತ್ತಲ ಹಳ್ಳಿಯವರು ಅಲ್ಲಿ ದನ ಮೇಯಿಸ್ತಿದ್ರು, ಹುಲ್ಲು ಕೊಯ್ತಿದ್ರು, ಸೌದೆ ತರ್ತಿದ್ರು.

1980ರ ದಶಕದ ಆರಂಭದಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಂಥ ಉದ್ಯಾನದೊಳಗೆ ಜಾನುವಾರು ಕಾಲಿಡುವ ಹಾಗಿಲ್ಲ. 1982ರ ನವೆಂಬರಿನಲ್ಲಿ ಮೇಯಿಸುವುದನ್ನು ನಿಲ್ಲಿಸಿದರು. ಸಾವಿರಾರು ದನ ಎಮ್ಮೆಗಳಿಗೆ ಬೇರೆ ಮೇವು ಎಲ್ಲಿಂದ ಬರಬೇಕು ಅನ್ನೋದಕ್ಕೆ ಸರಿಯಾದ ಏರ್ಪಾಡು ಇರಲಿಲ್ಲ. ಜನ ಎದುರು ನಿಂತರು. ಪೋಲೀಸರು ಗುಂಡು ಹಾರಿಸಿದರು. ಹಳ್ಳಿಯವರು ಹಲವರು ಸತ್ತರು.

ಇನ್ನು ಮುಂದಿನ ಮಾತು ಗಮನಿಸಿ. ಜಾನುವಾರು ಹೊರಗೆ ಹೋಗಬೇಕು ಎಂದವರಲ್ಲಿ ದೊಡ್ಡ ಪಕ್ಷಿತಜ್ಞ ಸಲೀಂ ಅಲಿಯವರೂ ಇದ್ದರು. ಅವರು ದುಡಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ 1980ರಿಂದ ಸುಮಾರು ಹತ್ತು ವರ್ಷ ಅಲ್ಲಿ ಕೂತು ಅಧ್ಯಯನ ಮಾಡಿತು. ಕಂಡದ್ದೇನು? ಎಮ್ಮೆ ಹೋದ ಮೇಲೆ ಪಾಸ್ಪಾಲಂ ಎಂಬ ನೀರುಹುಲ್ಲು ಅಂಕೆಯಿಲ್ಲದೆ ಬೆಳೆದು ಕೆರೆಯನ್ನೇ ಮುಚ್ಚಿತು. ಬಾತುಕೋಳಿಗೆ ತೆರೆದ ನೀರಿಲ್ಲ, ಮೀನಿಗೆ ಜಾಗವಿಲ್ಲ. ಹುಲ್ಲನ್ನು ಅಂಕೆಯಲ್ಲಿ ಇಟ್ಟಿದ್ದದ್ದು ಎಮ್ಮೆ! ಅದು ಸಂಬಳ ಕೇಳದ ಕೂಲಿಯಾಳಾಗಿತ್ತು. ತಮ್ಮ ಕಡೆಯವರ ಸಲಹೆಯೇ ತಪ್ಪಿತ್ತು ಅಂತ ಬರೆದರಲ್ಲ, ಆ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕಡೆಗೆ ಹುಲ್ಲು ಕೊಯ್ಯಲು ಅದೇ ಹಳ್ಳಿಯವರನ್ನು ಒಳಗೆ ಬಿಟ್ಟರು. ಆದರೆ ಸತ್ತವರು ಬರಲಿಲ್ಲ.

ಎಮ್ಮೆ ಎಲ್ಲ ಕಡೆಯೂ ಒಳ್ಳೇದು ಅಂತ ನಾನು ಹೇಳ್ತಾ ಇಲ್ಲ. ಮಿತಿ ಮೀರಿದ ಮೇವು ನೆಲವನ್ನು ಬೋಳು ಮಾಡುತ್ತೆ, ಅದು ನಮಗೂ ಗೊತ್ತು. ಎಷ್ಟು ಎಮ್ಮೆ, ಯಾವ ತಿಂಗಳು, ಯಾವ ಭಾಗ ಎಂದು ಕೂತು ಮಾತಾಡಬೇಕಿತ್ತು. ಮಾತು ಮೊದಲು, ಬೇಲಿ ಆಮೇಲೆ. ಅಲ್ಲಿ ಬೇಲಿ ಮೊದಲಾಯಿತು.

ಜಗಳ ಅಷ್ಟಕ್ಕೇ ಮುಗಿಯಲಿಲ್ಲ. 2004ರ ಸುಮಾರಿಗೆ ಬರ ಬಂದಾಗ ಮೇಲ್ಗಡೆ ಕರೌಲಿಯ ಪಾಂಚನಾ ಅಣೆಕಟ್ಟಿನ ನೀರು ಬಿಡಬೇಡಿ ಎಂದು ಅಲ್ಲಿನ ರೈತರು ಹಟ ಹಿಡಿದರು. ಉದ್ಯಾನ ಒಣಗಿತು. ಬೇರೆ ಕಡೆಯಿಂದ ನೀರು ತರಬೇಕಾಯಿತು. ಚಳಿಗಾಲಕ್ಕೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕೊಕ್ಕರೆಗಳು ಕಡೆಯದಾಗಿ ಕಂಡದ್ದು 2002ರಲ್ಲಿ. ದಾರಿಯುದ್ದಕ್ಕೂ ಬೇಟೆಯಾಡಿದ್ದೂ ಇದಕ್ಕೆ ಕಾರಣ, ಹುಲ್ಲೊಂದನ್ನೇ ದೂರಬಾರದು. ಆದರೂ ಕೇಳಿ: ಗೋಡೆ ಎಷ್ಟು ಉದ್ದ, ದನ ಎಷ್ಟು ಹಿಡಿದೆವು, ದಂಡ ಎಷ್ಟು ಬಂತು ಎಂದು ಎಣಿಸಿದರೆ 1982ರ ಯೋಜನೆ ಪಾಸು. ತೆರೆದ ನೀರು, ಮೀನು, ಹಕ್ಕಿ, ಹಳ್ಳಿಯ ಮೇವು ಎಣಿಸಿದರೆ ನಪಾಸು. ಅಳತೆಗೋಲು ಯಾರ ಕೈಲಿದೆ ಅನ್ನೋದೇ ಪ್ರಶ್ನೆ.

ಈಗ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ. ಜನ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಹುಣಸೆ ಫಸಲು ಹಾಳಾಗುವುದಕ್ಕೆ ಅರಣ್ಯ ಇಲಾಖೆ ಮರದ ಯಜಮಾನನಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಬೇಲಿಯಿಲ್ಲ, ಕೋವಿಯಿಲ್ಲ. ಆದರೆ ಪರಿಹಾರ ಹುಣಸೆಯ ಬೆಲೆಗಿಂತ ಹಿಂದೆ ಬಿದ್ದರೆ ಮರ ಎಷ್ಟು ದಿನ ನಿಂತೀತು? ಮರ ಹೋದರೆ ಗೂಡೂ ಹೋಯಿತು. ಹಕ್ಕಿಯ ಭವಿಷ್ಯ ಸಂತೆಯ ಬೆಲೆಗೆ ಕಟ್ಟಿಕೊಂಡಿದೆ. ಇದನ್ನು ಪೇಟೆಯ ಪ್ರಕೃತಿಪ್ರೇಮಿಗಳು ಅರ್ಥ ಮಾಡಿಕೊಳ್ಳಬೇಕು.

ಆದ್ದರಿಂದ ನಿಮ್ಮ ಊರಿಗೆ ಇಂಥ ಯೋಜನೆ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಶುರುವಾಗೋ ಮೊದಲು ಏನೇನಿತ್ತು, ಬರೆದಿಟ್ಟಿದ್ದೀರಾ? ನಷ್ಟ ಯಾರಿಗೆ, ಎಷ್ಟು, ಯಾವ ತಿಂಗಳೊಳಗೆ ತುಂಬಿಕೊಡ್ತೀರಿ? ಎಣಿಸುವಾಗ ನಮ್ಮವರನ್ನೂ ಕೂರಿಸ್ತೀರಾ? ತಪ್ಪಾಗಿದೆ ಅಂತ ಕಂಡರೆ ಆದೇಶ ಬದಲಿಸ್ತೀರಾ? ಇದು ಭಿಕ್ಷೆಯಲ್ಲ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆ ಬರೆಯಬೇಕು ಅನ್ನುತ್ತದೆ. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೆಗೆಸಿ ನೋಡಿ. ನಿಮ್ಮನ್ನು ಕೇಳದೆ ಬರೆದಿದ್ದರೆ ಮತ್ತೆ ಬರೆಸಿ. ಯೋಜನೆ ಗೆದ್ದಿತೋ ಸೋತಿತೋ ಎಂದು ಹೇಳುವ ಬಾಯಿ ನಮ್ಮದೂ ಆಗಬೇಕಾದರೆ ಲೆಕ್ಕದ ಪುಸ್ತಕ ನಮ್ಮ ಕೈಲೂ ಇರಬೇಕು.