ರೋಗಿಗೆ ವ್ಯಾಯಾಮವನ್ನು ವಿಧಿಸುವ ಕ್ರಮ



ಸಕ್ಕರೆಯ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಪೀಡಿತನಾದವನೊಬ್ಬನು ಊರಿನ ಆರೋಗ್ಯಕೇಂದ್ರಕ್ಕೆ ಹೋದರೆ, ವೈದ್ಯರು ಅವನಿಗೆ ಎರಡು ಬಗೆಯ ಚಿಕಿತ್ಸೆಯನ್ನು ಹೇಳುವರು. ಗುಳಿಗೆಯನ್ನಾದರೆ ಚೀಟಿಯಲ್ಲಿ ಬರೆದು, ಅದರ ಹೆಸರೇನು, ತೂಕವೆಷ್ಟು, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಅನಂತರವೋ, ಮತ್ತೆ ಎಂದು ಬಂದು ತೋರಿಸಬೇಕು ಎಂಬುದೆಲ್ಲವನ್ನೂ ಗೊತ್ತುಮಾಡಿಕೊಡುವರು. ಬಳಿಕ ಅವನು ಬಾಗಿಲ ಕಡೆಗೆ ತಿರುಗಿದಾಗ "ಸ್ವಲ್ಪ ನಡೆದಾಡಿರಿ" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹುವರು. ರೋಗಿಯು ಚೀಟಿಯನ್ನು ಜೋಪಾನವಾಗಿ ಮಡಿಚಿ ಜೇಬಿನಲ್ಲಿಟ್ಟುಕೊಳ್ಳುವನು. ಬಾಯಿಮಾತು ಹೊಸ್ತಿಲು ದಾಟುವಷ್ಟರಲ್ಲಿ ಮರೆತುಹೋಗುವುದು. ಇದಕ್ಕಾಗಿ ರೋಗಿಯನ್ನು ಹೆಚ್ಚಾಗಿ ದೂರುವಂತಿಲ್ಲ. ಅಳತೆಯಿಲ್ಲದ, ಅವಧಿಯಿಲ್ಲದ, ಮತ್ತೊಮ್ಮೆ ಯಾರೂ ವಿಚಾರಿಸದ ವಸ್ತುವನ್ನು ಔಷಧವೆಂದು ನಂಬುವುದು ಯಾರಿಗೂ ಸುಲಭವಲ್ಲ. ದೇಹಶ್ರಮವನ್ನು ಗುಳಿಗೆಯಂತೆಯೇ ಅಳೆದು, ಆಳನ್ನು ನೋಡಿ, ಬರೆದು ಕೊಡಬೇಕೆಂಬುದೇ ಈ ದಿನದ ಉಪನ್ಯಾಸದ ವಿಷಯವು.

ಇದು ಪರದೇಶದಿಂದ ಮೊನ್ನೆ ಬಂದಿಳಿದ ವಿಚಾರವೆಂದು ಯಾರಾದರೂ ತಿಳಿದಿದ್ದರೆ ಅವರು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವನ್ನು ತೆರೆದು ನೋಡತಕ್ಕದ್ದು. ಪ್ರಮೇಹದ ಚಿಕಿತ್ಸೆಯನ್ನು ಹೇಳುವ ಅಧ್ಯಾಯದ ಕೊನೆಗೆ ಆಚಾರ್ಯನು ರೋಗಿಗಳನ್ನು ಅವರವರ ಸ್ಥಿತಿಗೆ ತಕ್ಕಂತೆ ವಿಂಗಡಿಸಿರುವನು. ಹಣವೂ ಬಂಧುಗಳೂ ಇಲ್ಲದವನು ಕೊಡೆ ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಬೇಕು. ಧನಿಕನು ಶ್ಯಾಮಾಕ ನೀವಾರಗಳಂತಹ ಬಡ ಧಾನ್ಯವನ್ನುಂಡು ಅರಣ್ಯದಲ್ಲಿ ಜಿಂಕೆಗಳೊಡನೆ ವಾಸಿಸಬೇಕು, ಅಥವಾ ದನಗಳ ಹಿಂದೆ ತಿರುಗಾಡಬೇಕು. ಇನ್ನುಳಿದವನು ಎಡೆಬಿಡದೆ ಹೊಲವನ್ನು ಉಳಬೇಕು, ಇಲ್ಲವೆ ಬಾವಿಯನ್ನು ತೋಡಬೇಕು. ಯೋಜನದ ಪ್ರಮಾಣವನ್ನು ಯಾವ ಲೆಕ್ಕದಿಂದ ಹಿಡಿದರೂ ನೂರು ಯೋಜನವೆಂದರೆ ಅನೇಕ ವಾರಗಳ ದಾರಿ. ಇಲ್ಲಿ ಗಮನಿಸಬೇಕಾದುದು ದೂರದ ಅಂಕೆಯೊಂದನ್ನೇ ಅಲ್ಲ. ವ್ಯಾಧಿಯೊಂದೇ ಆದರೂ ವಿಧಿಯು ಹಲವು ಬಗೆ. ಒಬ್ಬೊಬ್ಬನಿಗೂ ಅವನ ಕೈಲಾಗುವ ಶ್ರಮವನ್ನೇ ಹೇಳಲಾಗಿದೆ.

ಅಳತೆಯ ಸಂಗತಿಯೂ ಅದೇ ಗ್ರಂಥದಲ್ಲಿ ಬೇರೊಂದೆಡೆ ಬಂದಿರುವುದು. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದು. ಎದೆಯಲ್ಲಿರುವ ವಾಯುವು ಬಾಯಿಗೆ ಬರತೊಡಗುವುದೇ ಅರ್ಧಬಲದ ಗುರುತು. ಈಗಿನ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಬೇರೆ ಮಾತಿನಲ್ಲಿ ಹೇಳುವರು: ನಡೆಯುವಾಗ ಜೊತೆಗಾರನೊಡನೆ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅದು ಮಧ್ಯಮ ಶ್ರಮ. ಯಂತ್ರವೂ ಬೇಡ, ಗಡಿಯಾರವೂ ಬೇಡ.

ಆಧುನಿಕ ವೈದ್ಯಶಾಸ್ತ್ರವು ಈ ದಾರಿಗೆ ಬಂದುದು ಲೆಕ್ಕದ ಮೂಲಕ. ೧೯೫೩ನೆಯ ಇಸವಿಯಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ದಿನವೆಲ್ಲ ಕುಳಿತೇ ಬಸ್ಸು ನಡೆಸುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೀಟು ಕೊಡುವ ಕಂಡಕ್ಟರರಲ್ಲಿ ಹೃದಯರೋಗವು ಕಡಮೆಯಾಗಿದ್ದಿತು. ೧೯೮೬ರಲ್ಲಿ ಚೀನಾದೇಶದ ದಾಚಿಂಗ್ ನಗರದ ೩೩ ಚಿಕಿತ್ಸಾಲಯಗಳಲ್ಲಿ, ಸಕ್ಕರೆಯ ಕಾಯಿಲೆಯ ಹೊಸ್ತಿಲಲ್ಲಿದ್ದ ೫೭೭ ಮಂದಿಯನ್ನು ಆರಿಸಿ ಪರೀಕ್ಷೆಯೊಂದನ್ನು ಆರಂಭಿಸಲಾಯಿತು. ಆರು ವರ್ಷಗಳು ಕಳೆದಾಗ, ವಿಶೇಷ ವಿಧಿಯಿಲ್ಲದೆ ಇದ್ದವರಲ್ಲಿ ನೂರಕ್ಕೆ ಸುಮಾರು ೬೮ ಮಂದಿಗೆ ಕಾಯಿಲೆ ಬಂದಿದ್ದರೆ, ವ್ಯಾಯಾಮವನ್ನು ವಿಧಿಸಿದ ಗುಂಪಿನಲ್ಲಿ ಸುಮಾರು ೪೧ ಮಂದಿಗೆ ಬಂದಿದ್ದಿತು.

ಹೀಗಿದ್ದರೂ ವೈದ್ಯನ ಮಾತನ್ನು ರೋಗಿಯು ನಡೆಸುವಂತೆ ಮಾಡುವುದು ಹೇಗೆಂಬುದು ಉಳಿದೇ ಇದ್ದಿತು. ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ನ್ಯೂಜಿಲೆಂಡಿನವರು. ಅಲ್ಲಿ ಕುಟುಂಬವೈದ್ಯರು ವ್ಯಾಯಾಮವನ್ನು ಹಸುರು ಚೀಟಿಯ ಮೇಲೆ ಬರೆದು ಕೊಡುವ ಪದ್ಧತಿಯಿದೆ. ವೈಕಾಟೊ ಪ್ರಾಂತದ ೪೨ ಚಿಕಿತ್ಸಾಲಯಗಳಲ್ಲಿ, ೪೦ರಿಂದ ೭೯ ವರ್ಷ ವಯಸ್ಸಿನ, ಶ್ರಮ ಕಡಮೆಯಿದ್ದ ೮೭೮ ಮಂದಿಯ ಮೇಲೆ ಇದನ್ನು ಪರೀಕ್ಷಿಸಿ ೨೦೦೩ರಲ್ಲಿ ಫಲವನ್ನು ಪ್ರಕಟಿಸಿದರು. ವೈದ್ಯನು ರೋಗಿಯೊಡನೆ ಮಾತನಾಡಿ, ಅವನು ಒಪ್ಪಿದ ಗುರಿಯನ್ನು ಚೀಟಿಯಲ್ಲಿ ಬರೆಯುವನು. ಹೆಚ್ಚಾಗಿ ಅದು ನಡಿಗೆಯೇ. ಆಮೇಲಿನ ಮೂರು ತಿಂಗಳಲ್ಲಿ ವ್ಯಾಯಾಮತಜ್ಞರು ಕಡಮೆಯೆಂದರೆ ಮೂರು ಸಲ ದೂರವಾಣಿಯಲ್ಲಿ ಅವನನ್ನು ವಿಚಾರಿಸುವರು. ಒಂದು ವರ್ಷದ ಬಳಿಕ ನೋಡಲಾಗಿ, ವಾರಕ್ಕೆ ಎರಡೂವರೆ ಗಂಟೆ ಶ್ರಮಿಸುವವರ ಪ್ರಮಾಣವು ಚೀಟಿ ಪಡೆದವರಲ್ಲಿ ನೂರಕ್ಕೆ ೧೪.೬ರಷ್ಟು, ಇತರರಲ್ಲಿ ೪.೯ರಷ್ಟು ಏರಿದ್ದಿತು. ಸುಮಾರು ಹತ್ತು ಮಂದಿಗೆ ಬರೆದುಕೊಟ್ಟರೆ ಒಬ್ಬನು ಹೆಚ್ಚಾಗಿ ದಾರಿಗೆ ಬರುವನೆಂದಾಯಿತು. ರಕ್ತದೊತ್ತಡದಲ್ಲಿ ಮಾತ್ರ ಸ್ಪಷ್ಟವಾದ ಅಂತರವು ಕಾಣಲಿಲ್ಲ. ಇದು ಅದ್ಭುತವೇನೂ ಅಲ್ಲ. ಆದರೆ ಒಂದು ಕಾಗದ, ಕೆಲವು ನಿಮಿಷ, ಮೂರು ವಿಚಾರಣೆಗಳ ವೆಚ್ಚದಲ್ಲಿ ಹತ್ತರಲ್ಲೊಬ್ಬನನ್ನು ಎಬ್ಬಿಸಿ ನಡೆಸುವ ಔಷಧವನ್ನು ತಿರಸ್ಕರಿಸುವವರು ಲೆಕ್ಕ ಬಲ್ಲವರಲ್ಲ.

ಇಲ್ಲಿ ಸಭಿಕರಲ್ಲಿ ಒಂದು ಸಂದೇಹವು ಏಳುವುದು ಸಹಜ. ಕಾಯಕದಿಂದಲೇ ಬೆವರು ಹರಿಸುವ ಒಕ್ಕಲಿಗನಿಗೂ, ಕಲ್ಲು ಹೊರುವ ಆಳಿಗೂ ಬೇರೆ ವ್ಯಾಯಾಮವೇಕೆ? ಸಂದೇಹವು ಸರಿಯಾದದ್ದೇ, ಮತ್ತು ಅದಕ್ಕೆ ಉತ್ತರವು ನೆರೆಯ ಚೆನ್ನೈ ನಗರದಲ್ಲಿಯೇ ದೊರೆತಿದೆ. ಅಲ್ಲಿ ೫೩೧ ಮಂದಿಯ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ಮಧುಮೇಹನಿವಾರಣೆಯ ಪರೀಕ್ಷೆಯಲ್ಲಿ, ಮೊದಲೇ ದೇಹಶ್ರಮದ ಕೆಲಸದಲ್ಲಿದ್ದವರಿಗೆ, ದಿನಕ್ಕೆ ಅರ್ಧ ಗಂಟೆಗೂ ಹೆಚ್ಚು ನಡೆಯುವವರಿಗೆ ಅಥವಾ ಬೈಸಿಕಲ್ ತುಳಿಯುವವರಿಗೆ, ಅದನ್ನೇ ಮುಂದುವರಿಸಬೇಕೆಂದು ಹೇಳಿದರು. ಕುಳಿತು ದುಡಿಯುವವರಿಗೆ ಮಾತ್ರ ದಿನಕ್ಕೆ ಅರ್ಧ ಗಂಟೆಯ ಬಿರುಸಾದ ನಡಿಗೆಯನ್ನು ವಿಧಿಸಿದರು. ಆಹಾರದ ಕಟ್ಟಳೆಯೂ ಇದರೊಡನೆ ಇದ್ದಿತು. ಸುಮಾರು ಎರಡೂವರೆ ವರ್ಷಗಳಲ್ಲಿ, ವಿಧಿಯಿಲ್ಲದವರಲ್ಲಿ ನೂರಕ್ಕೆ ೫೫ ಮಂದಿಗೂ ವಿಧಿಯಂತೆ ನಡೆದವರಲ್ಲಿ ೩೯ ಮಂದಿಗೂ ಕಾಯಿಲೆ ಬಂದಿತು. ಗುಳಿಗೆ ಕೊಟ್ಟ ಗುಂಪಿನಲ್ಲಿಯೂ ಸುಮಾರು ಅಷ್ಟೇ. ಆದುದರಿಂದ ಬೆಳಗಿನಿಂದ ಕಳೆ ಕಿತ್ತು ಬಂದ ತಾಯಿಗೆ "ನಡೆದಾಡು" ಎಂದು ಹೇಳುವ ವೈದ್ಯನು ಮೊದಲು ಅವಳ ದಿನಚರಿಯನ್ನು ಕೇಳತಕ್ಕದ್ದು. ಆದರೆ ನೇಗಿಲು ಹೋಗಿ ಟ್ರಾಕ್ಟರು ಬಂದ ಮನೆಯಲ್ಲಿ, ಹೊಲಕ್ಕೂ ಮೋಟಾರು ಸೈಕಲ್ಲಿನ ಮೇಲೆಯೇ ಹೋಗುವ ಯಜಮಾನನು ಒಕ್ಕಲಿಗನೆಂಬ ಹೆಸರಿನಿಂದಲೇ ಈ ವಿಧಿಯಿಂದ ತಪ್ಪಿಸಿಕೊಳ್ಳಲಾಗದು.

ಊರೂರಿನ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರಿನವಾಗಿವೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯು ತರುವ ನಮೂನೆಯಲ್ಲಿ, ವಾರಕ್ಕೆ ೧೫೦ ನಿಮಿಷದಷ್ಟಾದರೂ ದೇಹಶ್ರಮವುಂಟೇ ಎಂಬ ಪ್ರಶ್ನೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ವಿಧಿಸಿದ ೧೫೦ರಿಂದ ೩೦೦ ನಿಮಿಷಗಳ ಕೆಳಗಿನ ಮಿತಿಯೇ ಅದು. "ಇಲ್ಲ" ಎಂದವನಿಗೆ ಒಂದು ಅಂಕವನ್ನು ಬರೆದು ಮುಂದಿನ ಮನೆಗೆ ಹೋದರೆ ಪ್ರಶ್ನೆಯು ಕೇಳಿದಷ್ಟೇ ಆಯಿತು. ಅಲ್ಲಿಂದ ಮುಂದೆ ಬರೆಯಬೇಕಾದ ಚೀಟಿಯೊಂದು ಉಳಿದಿರುವುದು. ಸ್ವೀಡನ್ ದೇಶದಲ್ಲಿ ವೈದ್ಯನೊಬ್ಬನೇ ಅಲ್ಲದೆ, ಅಂಗೀಕೃತರಾದ ದಾದಿಯರು ಮೊದಲಾದವರೂ ಇಂತಹ ಚೀಟಿಯನ್ನು ಬರೆಯುವರು. ವೈದ್ಯರಿಗೆ ಪುರಸತ್ತಿಲ್ಲದ ಇಲ್ಲಿಯ ಕೇಂದ್ರಗಳಿಗೆ ಆ ಮಾರ್ಗವೇ ಒಪ್ಪುವುದು.

ಬಟ್ಟೆಯಂಗಡಿಯ ಗಲ್ಲದ ಮುಂದೆ ಹನ್ನೆರಡು ಗಂಟೆ ಕೂರುವ ವರ್ತಕನ ಚೀಟಿಯು ಹೀಗಿರಬಹುದು: ಅಂಗಡಿ ತೆರೆಯುವ ಮೊದಲು ಕೆರೆಯ ಏರಿಯ ಮೇಲೆ ನಡಿಗೆ, ವಾರಕ್ಕೆ ಐದು ದಿನ, ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷ, ಅನಂತರ ಏರಿಸುತ್ತ ಮೂವತ್ತು, ಮಾತಾಡಬಲ್ಲಷ್ಟು, ಹಾಡಲಾರದಷ್ಟು ವೇಗ, ಎರಡು ದಿನಕ್ಕಿಂತ ಹೆಚ್ಚು ಒಟ್ಟಿಗೆ ಬಿಡಕೂಡದು, ಎದೆ ಬಿಗಿದರೆ, ತಲೆ ತಿರುಗಿದರೆ ಕೂಡಲೆ ನಿಲ್ಲಿಸಿ ಆಸ್ಪತ್ರೆಗೆ ಬರುವುದು, ತಿಂಗಳ ಮೇಲೆ ಈ ಚೀಟಿಯೊಡನೆ ಮತ್ತೆ ಕಾಣುವುದು. ಸಂಕೋಚದಿಂದ ಬೀದಿಯಲ್ಲಿ ನಡೆಯಲೊಲ್ಲದ ಮನೆಯೊಡತಿಗೆ ಅಂಗಳವನ್ನೋ ಮಾಳಿಗೆಯನ್ನೋ ಹೆಸರಿಸಿ ಬರೆಯಬೇಕು. ಅವಳಿಗೆ ಹತ್ತು ನಿಮಿಷವೂ ಒಟ್ಟಿಗೆ ಸಿಕ್ಕದಿದ್ದರೆ ಐದೈದು ನಿಮಿಷಗಳೂ ಲೆಕ್ಕಕ್ಕೆ ಬರುವುವೆಂದು ಈಗಿನ ವಿಧಿಯೇ ಒಪ್ಪಿಕೊಂಡಿದೆ.

ಪೂರ್ವಾಚಾರ್ಯರ ಮಾತಿನಲ್ಲಿ ಈಗ ಹಾಗೆಯೇ ನಡೆಸಲಾಗದವು ಎರಡುಂಟು. ಅಷ್ಟಾಂಗಹೃದಯವು ವೃದ್ಧರು ವ್ಯಾಯಾಮವನ್ನು ಬಿಡಬೇಕೆನ್ನುವುದು. ೬೫ ವರ್ಷ ದಾಟಿದವರು ವಾರಕ್ಕೆ ಮೂರು ದಿನವಾದರೂ ತೋಲನಕ್ಕೂ ಬಲಕ್ಕೂ ತಕ್ಕ ಅಭ್ಯಾಸವನ್ನು ಮಾಡಬೇಕೆಂಬುದು ಈಗಿನ ನಿರ್ಣಯ; ಬಿದ್ದು ಸೊಂಟ ಮುರಿದುಕೊಂಡ ಮುದುಕರನ್ನು ಕಂಡವರು ಇದಕ್ಕೆ ಕಾರಣವನ್ನು ಕೇಳಬೇಕಾಗಿಲ್ಲ. ಎರಡನೆಯದು ಪಾದರಕ್ಷೆಯ ಸಂಗತಿ, ಮತ್ತು ಇದು ಈ ಮಠದ ಭಕ್ತರಿಗೆ ಬಹಳ ಹತ್ತಿರದ್ದು.

ಯುಗಾದಿಗೆ ಮೊದಲು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಭಕ್ತರು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವರು. ಸುಶ್ರುತನ ನೂರು ಯೋಜನದ ವಿಧಿಯನ್ನು ಓದಿದವರಿಗೆ ಈ ಯಾತ್ರೆಯೇ ನೆನಪಾದೀತು. ಆದರೆ ಸಕ್ಕರೆಯ ಕಾಯಿಲೆಯು ಹಳೆಯದಾದವರಲ್ಲಿ ಕಾಲಿನ ನರಗಳು ಸತ್ತು ಅಂಗಾಲಿಗೆ ಸ್ಪರ್ಶಜ್ಞಾನವು ಕುಂದಿರುವುದು. ಬೇಸಗೆಯ ಡಾಂಬರು ರಸ್ತೆಯು ಚರ್ಮವನ್ನು ಸುಟ್ಟರೂ ಮುಳ್ಳು ನೆಟ್ಟರೂ ಅವರಿಗೆ ತಿಳಿಯದು. ಗುಳ್ಳೆಯು ಹುಣ್ಣಾಗಿ, ಹುಣ್ಣು ಎಲುಬನ್ನು ಮುಟ್ಟಿ, ಬೆರಳನ್ನೋ ಪಾದವನ್ನೋ ಕತ್ತರಿಸುವ ಸ್ಥಿತಿಯು ಬರುವುದುಂಟು. ಇಂತಹವರು ಬರಿಗಾಲಿನ ಹರಕೆಯನ್ನು ಹೊರುವುದು ಯುಕ್ತವಲ್ಲ. ಇನ್ನೊಂದು ಮಾತು: ದುಡಿಯುವ ಸ್ನಾಯುವು ರಕ್ತದಲ್ಲಿಯ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಸೆಳೆದುಕೊಳ್ಳುವುದಾದರೂ, ಒಂದು ದಿನದ ಶ್ರಮದ ಗುಣವು ಒಂದೆರಡು ದಿನಗಳಲ್ಲಿ ಇಳಿದುಹೋಗುವುದು. ವರ್ಷವೆಲ್ಲ ಕುಳಿತಿದ್ದು ಒಮ್ಮೆಗೇ ಹಗಲಿರುಳು ನಡೆದರೆ ಪುಣ್ಯದ ಲೆಕ್ಕವು ಹೇಗೋ ಏನೋ, ರಕ್ತದ ಲೆಕ್ಕವು ಸರಿಯಾಗದು.

ಹೋಗಲೇಬೇಕೆಂಬ ಭಕ್ತಿಯುಳ್ಳ ರೋಗಿಗಳು ಎರಡು ಮೂರು ತಿಂಗಳು ಮುಂಚೆಯೇ ಆರೋಗ್ಯಕೇಂದ್ರದಲ್ಲಿ ಎದೆಯನ್ನೂ ಪಾದವನ್ನೂ ತೋರಿಸಿ, ದಿನದಿನದ ನಡಿಗೆಯನ್ನು ಬರೆಸಿಕೊಂಡು ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ದಾರಿಯಲ್ಲಿ ಕಾಲುಚೀಲವೂ ಮೆತ್ತನೆಯ ಅಡಿಯ ಪಾದರಕ್ಷೆಯೂ ಇರಬೇಕು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಸಕ್ಕರೆಯನ್ನು ಇಳಿಸುವ ಗುಳಿಗೆಯನ್ನು ನುಂಗುವವರೂ, ಉಪವಾಸದಿಂದ ನಡೆಯದೆ, ಬೆಲ್ಲವನ್ನೋ ಸಕ್ಕರೆಯನ್ನೋ ಚೀಲದಲ್ಲಿಟ್ಟುಕೊಂಡಿರಬೇಕು. ಮೈ ಬೆವತು ಕೈ ನಡುಗಿದೊಡನೆ ಬಾಯಿಗೆ ಹಾಕಿಕೊಳ್ಳಬೇಕು. ಸಂಜೆ ತಂಗಿದಲ್ಲಿ ಅಂಗಾಲನ್ನು ತಾವೇ ನೋಡಿಕೊಳ್ಳಲಾಗದವರು ಜೊತೆಯ ಭಕ್ತನಿಗೆ ತೋರಿಸಲಿ. ಕಣ್ಣು ಮಂಜಾದ ಮುದುಕನ ಪಾದವನ್ನು ದೀಪ ಹಿಡಿದು ನೋಡುವ ಈ ಕೆಲಸವನ್ನು ಪ್ರತಿಯೊಂದು ತಂಡದಲ್ಲಿಯೂ ಒಬ್ಬ ತರುಣನಿಗೆ ಹೊರಡುವ ದಿನವೇ ಒಪ್ಪಿಸಿಡತಕ್ಕದ್ದು.