ಕುದುರೆಯ ಬಾಯಿ, ಸವಾರನ ಕೈ

ದಿನಪತ್ರಿಕೆಯ ತಲೆಬರಹಗಳಲ್ಲಿ ಕಡಿವಾಣ ಕಾಣದ ದಿನವಿಲ್ಲ. ಬೆಲೆಯೇರಿಕೆಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ, ಪುಂಡಾಟಕ್ಕೆ ಕಡಿವಾಣ. ಹೀಗೆ ಬರೆಯುವವರಲ್ಲಿ ಕುದುರೆಯ ಬಾಯೊಳಗೆ ಇಣುಕಿದವರು ಎಷ್ಟು ಮಂದಿಯೋ ನಾನರಿಯೆ. ಕಡಿವಾಣವೆಂದರೆ ತಡೆಯುವ ಸಾಧನ ಎಂಬ ಅರ್ಥವೊಂದೇ ನಮ್ಮ ಬರಹದಲ್ಲಿ ಉಳಿದುಕೊಂಡಿದೆ. ಸವಾರಿಯ ಕುದುರೆಗೆ ಕಡಿವಾಣ ಆರಿಸಹೊರಟವನು ಈ ಅರ್ಥವನ್ನೇ ನೆಚ್ಚಿದನಾದರೆ, ಕುದುರೆಯ ಬಾಯಿ ಕೆಟ್ಟಿತೆಂದೇ ತಿಳಿಯಬೇಕು.

ಕನ್ನಡ ಮೇಷ್ಟರಿಗೂ ಕುದುರೆಗೂ ಏನು ನಂಟು ಎಂದು ಕೇಳುಗರು ಹುಬ್ಬೇರಿಸಬಹುದು. ವಿದ್ಯಾರ್ಥಿಯಾಗಿದ್ದಾಗ ಎನ್.ಸಿ.ಸಿ.ಯ ಅಶ್ವದಳದಲ್ಲಿ ಎರಡು ವರ್ಷ ಸವಾರಿ ಕಲಿತವನು ನಾನು. ಅಲ್ಲದೆ ಈ ವಸ್ತುವಿನ ಹೆಸರುಗಳೇ ಭಾಷೆಯ ಮೇಷ್ಟರನ್ನು ಸೆಳೆಯುವಂಥವು. ಸಂಸ್ಕೃತದ ‘ಖಲೀನ’ವು ಗ್ರೀಕರ ‘ಖಲಿನೋಸ್’ನಿಂದ ಬಂದುದೆಂಬುದು ವಿದ್ವಾಂಸರ ಅಭಿಪ್ರಾಯ. ‘ಲಗಾಮು’ ಪಾರಸಿಯದು. ನಮ್ಮ ಕಡಿವಾಣದಲ್ಲಿ ಹಲ್ಲು ಕಡಿಯುವ ಸದ್ದೇ ಕಿವಿಗೆ ಬೀಳುತ್ತದೆ. ಅಮರಕೋಶದಲ್ಲಿ ಇದಕ್ಕೆ ‘ಕವಿಕಾ’ ಎಂಬ ಹೆಸರೂ ಉಂಟು. ಕವಿಗೂ ಕವಿಕೆಗೂ ಸಂಬಂಧ ಬೆಳೆಸುವ ಚಾಪಲ್ಯವನ್ನು ಇಲ್ಲಿ ಹೇಗೋ ಹತ್ತಿಕ್ಕಿಕೊಳ್ಳುತ್ತೇನೆ.

ಕುದುರೆಯ ಮುಂಬಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಬರಿದಾದ ಒಂದು ತೆರಪಿದೆ. ಗಂಡು ಕುದುರೆಗಳಿಗಾದರೆ ಅಲ್ಲಿ ಸಾಮಾನ್ಯವಾಗಿ ಒಂದೊಂದು ಕೋರೆಹಲ್ಲು ಇರುತ್ತದೆ, ಅಷ್ಟೆ. ಮನುಷ್ಯನು ಕಬ್ಬಿಣವನ್ನು ಇಟ್ಟದ್ದು ಈ ತೆರಪಿನಲ್ಲಿ. ಅಲ್ಲಿಯ ಒಸಡು ಬಹಳ ತೆಳು, ಅದರ ಅಡಿಗೇ ಮೂಳೆಯ ಅಂಚು. ನಿಮ್ಮ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬನ್ನು ಬೆರಳಿನಿಂದ ಒತ್ತಿ ನೋಡಿದರೆ ಅದರ ನಾಜೂಕು ಸ್ವಲ್ಪಮಟ್ಟಿಗೆ ತಿಳಿದೀತು. ದಪ್ಪನೆಯ ಕಡಿವಾಣದ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಅದು ಸೌಮ್ಯ, ತೆಳುವಾದದ್ದು ಕೊಯ್ಯುತ್ತದೆ ಎಂಬುದು ವಾಡಿಕೆಯ ಮಾತು. ನಿಜವೇ. ಆದರೆ ಕುದುರೆಯ ನಾಲಗೆ ದಪ್ಪ, ಅಂಗುಳು ತಗ್ಗು. ಚಿಕ್ಕ ಬಾಯಿಗೆ ತೀರ ದಪ್ಪನೆಯದನ್ನು ತುರುಕಿದರೆ ಸೌಮ್ಯವೂ ಹಿಂಸೆಯಾಗುತ್ತದೆ.

ಕಡಿವಾಣಗಳಲ್ಲಿ ಬಗೆಗಳು ಅನೇಕ, ಮೂಲದಲ್ಲಿ ಎರಡು. ಸ್ನಾಫಲ್ ಎಂಬುದರಲ್ಲಿ ಲಗಾಮಿನ ವಾರು ಬಾಯಿಯ ಪಕ್ಕದ ಬಳೆಗೇ ಸೇರಿರುತ್ತದೆ. ಕೈ ಎಳೆದಷ್ಟೇ ಬಾಯಿಗೆ ತಾಗುತ್ತದೆ. ಕರ್ಬ್ ಎಂಬುದಕ್ಕೆ ಇಕ್ಕೆಲದಲ್ಲಿ ಕೆಳಗಿಳಿದ ಸರಳುಗಳು, ಗದ್ದದ ಕೆಳಗೆ ಸರಪಳಿ. ಇದು ಸನ್ನೆಗೋಲಿನ ತತ್ತ್ವ. ಕೈಯ ಸಣ್ಣ ಎಳೆತವೂ ಅಲ್ಲಿ ಹಲವು ಪಟ್ಟಾಗುತ್ತದೆ. ಪಳಗಿದ ಕುದುರೆಯ ಮೇಲೆ ಪಳಗಿದ ಕೈ ಇದ್ದಾಗ ಕಿರುಬೆರಳಿನ ಸೂಚನೆ ಸಾಕು. ಕಲಿಯುವವನ ಕೈಗೆ ಮಾತ್ರ ಇದನ್ನು ಕೊಡಲೇಬಾರದು.

ನಮ್ಮ ದಳದಲ್ಲಿ ಕಂದು ಬಣ್ಣದ ಹೆಣ್ಣು ಕುದುರೆಯೊಂದಿತ್ತು. ಎಡಕ್ಕೆ ತಿರುಗಿಸಿದರೆ ತಲೆ ಕೊಡವಿ ಬಾಯಿ ಬಿಡುತ್ತಿತ್ತು, ಕೆಲವೊಮ್ಮೆ ಓಡಿಯೇಬಿಡುತ್ತಿತ್ತು. ಇದಕ್ಕೆ ಬಿರುಸಾದ ಕಡಿವಾಣವೇ ಸರಿ ಎಂದು ಹುಡುಗರೆಲ್ಲರ ತೀರ್ಮಾನ. ಸವಾರಿ ಕಲಿಸುತ್ತಿದ್ದ ಉಸ್ತಾದರು ಹಳೆಯ ರಿಸಾಲ್ದಾರರು. ಅವರು ಏನೂ ಹೇಳದೆ ಅದರ ಕೆನ್ನೆಯ ಹೊರಗಿನಿಂದ ಬೆರಳಾಡಿಸಿದರು. ಒಂದೆಡೆ ಕುದುರೆ ಬೆಚ್ಚಿತು. ಮೇಲ್ದವಡೆಯ ಹಲ್ಲಿನ ಹೊರ ಅಂಚು ಅರಗಿನಂತೆ ಚೂಪಾಗಿ ಬೆಳೆದು ಕೆನ್ನೆಯನ್ನು ಒಳಗಿನಿಂದ ಕೊರೆಯುತ್ತಿತ್ತು. ಪಶುವೈದ್ಯರು ಬಂದು ಅರದಿಂದ ಉಜ್ಜಿ ಸಮಮಾಡಿದರು. ಆಮೇಲೆ ಉಸ್ತಾದರು ಬಿರುಸಾದದ್ದರ ಬದಲು ಇದ್ದುದಕ್ಕಿಂತ ದಪ್ಪನೆಯ ನುಣುಪಾದ ಸ್ನಾಫಲ್ ಹಾಕಿಸಿದರು. ಕುದುರೆ ಮರುದಿನವೇ ಸರಿಹೋಯಿತೆಂದರೆ ಕತೆಯಾದೀತು. ತಿಂಗಳು ಹಿಡಿಯಿತು. ಬಿಗಿಗೈಯ ಹುಡುಗನೊಬ್ಬ ಏರಿದಾಗ ಮಾತ್ರ ಅದು ಕೊನೆಯವರೆಗೂ ತಲೆ ಕೊಡವುತ್ತಲೇ ಇತ್ತು.

ಎಳೆಯುವ ಕುದುರೆಗೆ ಇನ್ನಷ್ಟು ಕಟುವಾದ ಕಬ್ಬಿಣ ಎಂಬ ಯುಕ್ತಿ ಹಳೆಯದು. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ತನ್ನ ಅಶ್ವಾರೋಹಣದ ಗ್ರಂಥದಲ್ಲಿ ಸವಾರನ ಬಳಿ ನುಣುಪಿನದೊಂದು, ಒರಟಿನದೊಂದು ಹೀಗೆ ಎರಡಾದರೂ ಕಡಿವಾಣಗಳಿರಲೆಂದು ಸಲಹೆ ಕೊಡುತ್ತಾನೆ. ಒರಟಿನದನ್ನು ಕಂಡ ಕುದುರೆ ನುಣುಪಿನದನ್ನು ಮೆಚ್ಚುವುದಂತೆ. ಅದೇ ಗ್ರಂಥದಲ್ಲಿ ಬಲವಂತದಿಂದ ಸೊಗಸು ಹುಟ್ಟದೆಂದೂ ವಾದಿಸುತ್ತಾನೆ! ಎರಡನೆಯ ಮಾತಿಗೇ ನನ್ನ ಒಪ್ಪಿಗೆ. ಕುದುರೆ ನೋವಿನಿಂದ ಓಡಿಹೋಗುವ ಪ್ರಾಣಿ. ಓಡುವುದನ್ನು ನಿಲ್ಲಿಸಲು ನೋವನ್ನು ಹೆಚ್ಚಿಸುವುದು ಎಂಥ ಜಾಣತನ? ಒಸಡು ಗಾಯವಾಗಿ ಮಾಗಿ, ಮತ್ತೆ ಗಾಯವಾಗಿ ಸೂಕ್ಷ್ಮವನ್ನೇ ಕಳೆದುಕೊಂಡ ಬಾಯಿಗೆ ಮುಂದೆ ಯಾವ ಕಡಿವಾಣವೂ ಸಾಲದು. ನಮ್ಮಲ್ಲಿ ಬಂಡಿಯ ಕುದುರೆಗಳಿಗೂ ಮದುವೆಯ ಮೆರವಣಿಗೆಯ ಕುದುರೆಗಳಿಗೂ ಮುಳ್ಳುಗಳಿರುವ ಕಡಿವಾಣ ಹಾಕುವ ಕ್ರೌರ್ಯ ನಡೆದುಬಂದಿದೆ. ಸವಾರಿಗಾಗಲಿ ಬಂಡಿಗಾಗಲಿ ಇದನ್ನು ಬಳಸಕೂಡದೆಂದು ಪ್ರಾಣಿಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ವರನನ್ನು ಕುದುರೆಯೇರಿಸುವ ಮನೆಯವರು ಒಮ್ಮೆ ಅದರ ಕಟವಾಯಿಯನ್ನು ನೋಡಿದರೆ ಸಾಕು, ಒಣಗಿದ ರಕ್ತವಿದ್ದರೆ ಕಂಡೀತು.

ಇನ್ನು ಅಳತೆ. ಒಂದು ದಾರವನ್ನು ಬಾಯೊಳಗೆ ಹಾಯಿಸಿ ಕಟವಾಯಿಯಿಂದ ಕಟವಾಯಿಗೆ ಅಳೆಯಬೇಕು. ಬಹುಪಾಲು ಸವಾರಿ ಕುದುರೆಗಳಿಗೆ 5 ಅಂಗುಲದ ಆಸುಪಾಸು ಬರುತ್ತದೆ. ಬಳೆ ಸಡಿಲವಾಗಿ ತಿರುಗುವ ಕಡಿವಾಣವಾದರೆ ಎರಡೂ ಕಡೆ ಕಾಲಂಗುಲ ಹೊರಗಿರಬೇಕು, ಇಲ್ಲವಾದರೆ ತುಟಿ ಸಿಕ್ಕಿಕೊಳ್ಳುತ್ತದೆ. ಚಳಿಗಾಲದ ಬೆಳಗಿನಲ್ಲಿ ಕಬ್ಬಿಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಬಾಯಿಗಿಡಬೇಕು. ತೆಗೆಯುವಾಗಲೂ ಅವಸರ ಸಲ್ಲದು. ಪಟ್ಟಿಯನ್ನು ಕಿವಿಯ ಮೇಲಿನಿಂದ ಮೆಲ್ಲನೆ ಇಳಿಸಿ, ಕುದುರೆ ತಾನಾಗಿ ಬಾಯಿ ತೆರೆದು ಕಡಿವಾಣವನ್ನು ಬಿಡುವ ತನಕ ಕಾಯಬೇಕು. ಎಳೆದರೆ ಅದು ಮುಂಬಲ್ಲಿಗೆ ಬಡಿಯುತ್ತದೆ, ಮರುದಿನ ಕುದುರೆ ಬಾಯಿ ತೆರೆಯುವುದಿಲ್ಲ.